ಅಜ್ಜಯ್ಯನ ಬಲೆ ಹೊದ್ದ ಮನೆ

ಗಂಗೊಳ್ಳಿ ಬಂದರಿನಲ್ಲಿ ಇವತ್ತು ಹಳೆ ಬಲೆಯ ವಾಸನೆ ಮೂಗಿಗೆ ಬಡಿದಾಗ, ಒಂದರ ಹಿಂದೊಂದು ಚಂಡಮಾರುತ ಎದ್ದ ಆ ವರ್ಷ ನೆನಪಾಯಿತು. ಗಾಳಿಗೆ ಹೆಂಚು ಹಾರದಂತೆ ನಮ್ಮ ಕಡಲತಡಿಯಲ್ಲಿ ಮಾಡಿನ ಮೇಲೆ ಹಳೆ ಬಲೆ ಹೊದಿಸಿ ಕಟ್ಟುತ್ತಿದ್ದರು. ನಮ್ಮಲ್ಲಿದ್ದದ್ದು ಒಂದೇ ಬಲೆ. ಮೊದಲೆರಡು ಗಾಳಿಗೆ ಅದು ನಮ್ಮ ಮನೆ ಕಾಯಿತು. ಮೂರನೆಯದರ ಸುದ್ದಿ ಬಂದಾಗ ಅಜ್ಜಿ ಅದನ್ನು ಬಿಚ್ಚಿಸಿ, ಬಲೆಯಿಲ್ಲದ ಪಕ್ಕದ ಬಾಣಂತಿ ಸುಶೀಲಕ್ಕನ ಮಾಡಿಗೆ ಹೊದಿಸಲು ಹೊರಟರು.

“ನಮ್ಮನಿ ಹೆಂಚ್ ಹಾರ್ರೆ ಎಂತ ಮಾಡುದೇ?” ಎಂದರು ಅಜ್ಜಯ್ಯ.

“ಹೆಂಚ್ ಮತ್ತ್ ಹೊದ್ಸುಲಕ್ಕ್. ಆ ಶಿಶು ಮಳೆಗೆ ಒದ್ದೆ ಆಪುಕಾಗ. ಮಾತ್ ಸಾಕ್, ಆ ಬದಿ ಹಿಡ್ಕಣಿ!”

ಸಂಜೆಗೆ ನಮ್ಮ ಹೆಂಚು ಹಾರಿದವು. ಎಲ್ಲರೂ ಸುಶೀಲಕ್ಕನ ಮನೆಗೆ ಓಡಿದೆವು. ಶಿಶು ಬೆಚ್ಚಗೆ ಮಲಗಿತ್ತು. ಗಂಜಿ ಉಣ್ಣುತ್ತಾ ಅಜ್ಜಯ್ಯ, “ನನ್ ಬಲೆ ಕೆಳ್ಗೆ ನಾನೇ ನೆಂಟ ಆದೆ ಕಾಣಿ” ಎಂದು ನಕ್ಕರು.

ನಾನೀಗ ಸಮಾನತೆಯ ಕರಪತ್ರ ಹಂಚುತ್ತೇನೆ. ಸಮಾನತೆಯೆಂದರೆ ಎಂತದು ಎಂದು ಯಾರಾದರೂ ಕೇಳಿದರೆ ಅಜ್ಜಿ ಬಿಚ್ಚಿಸಿದ ಈ ಬಲೆಯ ಕತೆಯನ್ನೇ ಹೇಳುತ್ತೇನೆ.