ಮಹಡಿ ಹತ್ತಿದ ಕಾರ್ಡಣ್ಣ

ಕಾರು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವನು ಕಾರ್ಡಣ್ಣ. ಬಿಡಿಭಾಗಗಳ ಪ್ರತಿ ಡಬ್ಬಕ್ಕೂ ಒಂದು ಕಾರ್ಡು ಇರುತ್ತಿತ್ತು. ಡಬ್ಬ ಖಾಲಿಯಾಗುತ್ತ ಬಂದಾಗ ಜೋಡಿಸುವವರು ಆ ಕಾರ್ಡನ್ನು ತೆಗೆದು ಗೂಡಿಗೆ ಹಾಕುವರು. ಇವನು ಎತ್ತಿಕೊಂಡು ಹೋಗಿ ಉಗ್ರಾಣಕ್ಕೆ ಮುಟ್ಟಿಸುವನು. ಉಗ್ರಾಣದಿಂದ ಕಾರ್ಡಿನಲ್ಲಿ ಬರೆದಷ್ಟೇ ಮಾಲು ಬರುವುದು. ಬೇಕಾದಾಗ, ಬೇಕಾದಷ್ಟೇ. ಅದು ಅಲ್ಲಿನ ವೇದವಾಕ್ಯ.

ಅವನಿಗೆ ಮದುವೆಯಾಗಿರಲಿಲ್ಲ. ಬಾಡಿಗೆಯ ಒಂಟಿ ಕೋಣೆ, ಒಂದು ಸ್ಟವ್, ಹಗ್ಗದ ಮೇಲೆ ಒಣಗುವ ಯೂನಿಫಾರ್ಮು. ದೂರದಲ್ಲಿದ್ದ ಅಕ್ಕ ಫೋನಿನಲ್ಲಿ ತನ್ನ ಮೊಮ್ಮಕ್ಕಳ ಕತೆ ಹೇಳಿ ಇಟ್ಟುಬಿಡುವಳು. ಕೋಣೆಯಲ್ಲಿ ಆಡದ ಮಾತನ್ನೆಲ್ಲ ಅವನು ಕಾರ್ಖಾನೆಯಲ್ಲೇ ಆಡಿ ಮುಗಿಸುತ್ತಿದ್ದ.

ಹೆಚ್ಚು ಮಾತು ಬಾಗಿಲಕ್ಕನ ಜೊತೆ. ಕಾರಿನ ಬಾಗಿಲಿಗೆ ರಬ್ಬರು ಪಟ್ಟಿ ಕೂರಿಸುವ ಕೆಲಸ ಆಕೆಯದು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳನ್ನು ಮದುವೆ ಮಾಡಿ ಕೊಟ್ಟಿದ್ದಳು. "ಮಗಳ ಅತ್ತೆ ಏನಂದ್ರು ಗೊತ್ತಾ?" ಎಂದು ಆಕೆ ಶುರುಮಾಡುವಷ್ಟರಲ್ಲಿ ಮುಂದಿನ ಕಾರು ಬಂದು ನಿಲ್ಲುತ್ತಿತ್ತು. ಉಳಿದದ್ದು ಕೇಳಲು ಕಾರ್ಡಣ್ಣ ಇಡೀ ಶೆಡ್ಡು ಸುತ್ತಿ ಬರಬೇಕು. ಬರುತ್ತಿದ್ದ.

"ಅಣ್ಣನ ಕಾಲು ಸವೆದ್ರೆ ಚಿಂತೆಯಿಲ್ಲ, ಕಂಪನಿಯೇ ಟೈರು ಹಾಕಿಸತ್ತೆ," ಎಂದು ಆಕೆ ನಗುತ್ತಿದ್ದಳು.

ಕಾಲು ನಿಜವಾಗಿಯೂ ಸವೆಯಿತು. ಮಂಡಿ ಊದಿಕೊಂಡಿದ್ದ ದಿನಗಳಲ್ಲೇ ತರಬೇತಿ ಕೊಡಲು ಬಂದವರು, "ವ್ಯರ್ಥ ಅನ್ನೋದು ಮಾಲಲ್ಲಿ ಮಾತ್ರ ಇರಲ್ಲ, ಸುಮ್ಮನೆ ನಡೆಯೋದೂ ವ್ಯರ್ಥವೇ," ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕಾರ್ಡಣ್ಣ. ಡಬ್ಬದ ಕಪಾಟುಗಳಿಗೆ ಸೆನ್ಸರು ಬಂದವು. ಡಬ್ಬ ಎತ್ತಿದೊಡನೆ ಉಗ್ರಾಣಕ್ಕೆ ತಾನಾಗಿಯೇ ಸುದ್ದಿ ಹೋಗುವುದು. ಚಾಲಕನಿಲ್ಲದ ಗಾಡಿ ಮಾಲು ತಂದಿಳಿಸುವುದು. ಮಾಲಿಲ್ಲದೆ ಕೆಲಸ ನಿಲ್ಲುವುದು ತಪ್ಪಿತು. ಕಾರ್ಡಣ್ಣನಿಗೆ ಮಹಡಿಯ ಗಾಜಿನ ಕೋಣೆಯಲ್ಲಿ ಪರದೆ ನೋಡುವ ಕೆಲಸ ಕೊಟ್ಟರು.

"ಕಾರ್ಡಣ್ಣ ಮೇಲೆ ಹೋಗ್ಬಿಟ್ರು ಕಣ್ರೋ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು, ಅವನೂ ನಕ್ಕ.

ಮೇಲೆ ತಂಪಿತ್ತು, ಮೆತ್ತನೆಯ ಕುರ್ಚಿಯಿತ್ತು. ಮಾತಿರಲಿಲ್ಲ. ಗಾಜಿನಾಚೆ ಬಾಗಿಲಕ್ಕನ ಟೋಪಿ ಮಾತ್ರ ಕಾಣುತ್ತಿತ್ತು. ಪರದೆಯಲ್ಲಿ ಆಕೆ ಒಂದು ಹಸಿರು ಚೌಕ. ಮಾಲು ಕಡಿಮೆಯಾದಾಗ ಹಳದಿಯಾಗಿ, ಗಾಡಿ ಬಂದೊಡನೆ ಮತ್ತೆ ಹಸಿರು. ಕೆಲವು ದಿನ ಅವನ ಬಾಯಿ ತೆರೆಯುತ್ತಿದ್ದುದು ಊಟಕ್ಕೆ, ಆಕಳಿಕೆಗೆ, ಅಷ್ಟೇ.

ಒಂದು ಸಂಜೆ ಅವನು ಗೇಟಿನ ಹೊರಗಿನ ಬಸ್‌ಸ್ಟಾಪಿನಲ್ಲಿ ಆಕೆಗಾಗಿ ಕಾದು ನಿಂತ.

"ಅರೆ, ಕಾರ್ಡಣ್ಣ! ಯಾರಿಗೆ ಕಾಯ್ತಿದೀರಿ?"

"ನಿಮಗೇ. ಮಗಳ ಅತ್ತೆ ವಿಷಯ ಅರ್ಧಕ್ಕೇ ನಿಂತಿತ್ತಲ್ಲ?"

"ಅದಾ! ಆಗೇನೋ ಸಿಟ್ಟು ಬಂದಿತ್ತು. ಈಗ ನೆನಪೂ ಇಲ್ಲ, ಬಿಡಿ."

ಬೆಂಚಿನ ಮೇಲೆ ಕೂತರು. ಎಷ್ಟು ಹೊತ್ತಾದರೂ ಮಾತಾಡಬಹುದಿತ್ತು, ಅದೇ ತೊಡಕಾಯಿತು.

"ಮಂಡಿ ಹೇಗಿದೆ?"

"ಬಾವು ಇಳಿದಿದೆ."

"ಒಳ್ಳೇದಾಯ್ತು."

ಇಬ್ಬರೂ ಬಸ್ಸು ಬರುವ ದಿಕ್ಕಿಗೆ ಕಣ್ಣು ನೆಟ್ಟರು. ಆಕೆಯ ಫೋನ್ ನಂಬರು ಕೇಳಬೇಕೆಂದು ಬಂದಿದ್ದ, ಕೇಳಲಿಲ್ಲ. ಬಸ್ಸು ಬಂದಾಗ ಸದ್ಯ ಎನಿಸಿತು. ಹಾಗೆನಿಸಿದ್ದಕ್ಕೆ ದಾರಿಯುದ್ದಕ್ಕೂ ಅವನಿಗೆ ಸಂಕಟವಾಯಿತು.

ಚಳಿಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಪರದೆಯಲ್ಲಿ ಬಾಗಿಲಕ್ಕನ ಚೌಕದ ಕೆಳಗೆ ಬೇರೆ ಹೆಸರು ಕಂಡಿತು. ಕೆಳಗಿನ ಮೇಸ್ತ್ರಿಗೆ ಫೋನ್ ಮಾಡಿದ.

"ಬಾಗಿಲಕ್ಕನಾ? ಕೆಲಸ ಬಿಟ್ಟು ಮಗಳ ಊರಿಗೆ ಹೋದ್ರಲ್ಲ! ಎಲ್ಲರಿಗೂ ಸಿಹಿ ಹಂಚಿದ್ರು. ನಿಮಗೆ ಸಿಗಲಿಲ್ವಾ?"

"ಸಿಕ್ತು, ಸಿಕ್ತು," ಎಂದು ಫೋನಿಟ್ಟ.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವನು ಕೆಳಗಿಳಿದ. ಆಕೆಯ ಜಾಗಕ್ಕೆ ಬಂದಿದ್ದವನು ಊಟದ ಮನೆಯ ಮೂಲೆಯಲ್ಲಿ ಒಬ್ಬನೇ ಕೂತಿದ್ದ.

"ನಾನು ಮೇಲಿನ ಗಾಜಿನ ಕೋಣೆಯವನು. ನಿಮ್ಮ ಮಾಲು ನೋಡ್ಕೊಳ್ಳೋನು."

"ಹೌದಾ ಸಾರ್?" ಅವನು ಕಣ್ಣರಳಿಸಿದ. "ಅಲ್ಲಿ ಮನುಷ್ಯರು ಇರ್ತಾರೆ ಅಂತ ಗೊತ್ತೇ ಇರ್ಲಿಲ್ಲ."

ಹಾಗೆಂದು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ಕೆಳಗಿಟ್ಟ. ಕಾರ್ಡಣ್ಣ ಕೂತ.