ಮದರಂಗಿಯ ಮೇಲೆ ನೀಲಿ

ನಾನು ಹುಟ್ಟುವಾಗಲೇ ಕೆಂಚಿ. ಒಣಗಿದ ಜೋಳದ ಕಣಿಕೆಯ ಬಣ್ಣ ನನ್ನ ಕೂದಲಿಗೆ. ಬಿಸಿಲಿಗೆ ನಿಂತರೆ ಇನ್ನಷ್ಟು ಹಳದಿ. ನರಗುಂದದಲ್ಲಿ ಇನ್ನೂ ಸಂಸ್ಥಾನವಿದ್ದ ಕಾಲವದು. ಅಪ್ಪ ಅಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ಗಜೇಂದ್ರಗಡದ ನೇಕಾರರು ಬಂದು ಅದನ್ನು ಒಯ್ಯುತ್ತಿದ್ದರು. ಊರಿನ ನೂಲಿಗೆಲ್ಲ ಬಣ್ಣ ಕೊಡುವವನ ಮಗಳಿಗೇ ಬಣ್ಣ ಸಾಲಲಿಲ್ಲ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಕೆಂಚು ತಲೆಯ ಸೊಸೆ ಬಂದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಎದ್ದು ಹೋಗುತ್ತಿದ್ದರು, ಆಮೇಲೆ ಸುದ್ದಿಯೇ ಇಲ್ಲ.

ಕೊನೆಗೆ ಗಜೇಂದ್ರಗಡದ ನೇಕಾರರ ಮನೆಯೊಂದರಿಂದ ಹೆಣ್ಣು ಕೇಳಿ ಬಂದರು. ಹೆಣ್ಣು ನೋಡುವಾಗ ಜಡೆ ಬಿಚ್ಚಿಸಿ ನೋಡುವುದು ನಮ್ಮಲ್ಲಿ ಪದ್ಧತಿ. ಈ ಸಲ ಅಪ್ಪ ಹಟಕ್ಕೆ ಬಿದ್ದ. ಕಪ್ಪು ಮಾಡುವುದು ತನ್ನ ಕಸುಬು, ಅದರಲ್ಲಿ ಇನ್ನೊಬ್ಬರು ತನಗೆ ಹೇಳಿಕೊಡಬೇಕಿಲ್ಲ ಎಂದ. ನೂಲಿಗೆ ಮೊದಲು ನೀಲಿ, ಅದು ಹಿಡಿದ ಮೇಲೆ ಕೆಂಪು, ಆಗ ಕಪ್ಪು ಬರುತ್ತದೆ. ನನ್ನನ್ನೂ ಒಂದು ನೂಲಿನ ಲಡಿ ಎಂದೇ ತಿಳಿದು, ನೀಲಿ ಕಲಸಿದ ದೊಡ್ಡ ಹರಿವಿಯ ಮುಂದೆ ಕೂಡಿಸಿ ಕೂದಲನ್ನು ಅದ್ದಿಬಿಟ್ಟ. ಆ ನೀರಿನಲ್ಲಿದ್ದ ಸುಣ್ಣಕ್ಕೆ ನೆತ್ತಿ ಉರಿಯಿತು. ತಲೆ ಒಣಗಿದಾಗ ನೋಡಿದರೆ ಹಳದಿಯ ಮೇಲೆ ನೀಲಿ ಕೂತು ಹಸಿರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಜನ್ಮದಲ್ಲಿ ಅಪ್ಪ ಅಷ್ಟು ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ.

ತಲೆಗೆ ಮೊದಲು ಮದರಂಗಿ, ಅದರ ಮೇಲೆ ನೀಲಿ ಎಲೆಯ ಪುಡಿ, ನೂಲಿನದು ಬೇರೆ ಲೆಕ್ಕ ಎಂದು ಅಜ್ಜಿ ಬೈಯುತ್ತಲೇ ಸರಿ ಮಾಡಿದಳು. ಬೀಗರು ಬಂದರು, ಜಡೆ ಬಿಚ್ಚಿಸಿದರು, ಕಾಡಿಗೆಯಂಥ ಕೂದಲು ಎಂದು ಮೆಚ್ಚಿಕೊಂಡು ಹೋದರು. ಮದುವೆಯಾಯಿತು. ರೋಣದ ಮೇಲೆ ಹಾಯ್ದು ಚಕ್ಕಡಿಯಲ್ಲಿ ಗಂಡನ ಮನೆಗೆ ಬಂದಾಗ ನನ್ನ ಗಂಟಿನಲ್ಲಿ ಸೀರೆಗಿಂತ ಮದರಂಗಿ ಹೆಚ್ಚಿತ್ತು.

ಕೂದಲು ಬೆಳೆಯುವುದನ್ನು ಯಾರು ತಡೆಯುತ್ತಾರೆ? ಬೈತಲೆಯ ಹತ್ತಿರ ಹಳದಿ ಇಣುಕಿದ ಕೂಡಲೇ ನನಗೆ ತಲೆಶೂಲೆ ಬರಬೇಕು. ತಲೆ ತಂಪಾಗಲಿ ಎಂದು ಮದರಂಗಿ ಹಚ್ಚಿಕೊಳ್ಳುತ್ತೇನೆ ಎಂದು ಅತ್ತೆಗೆ ಹೇಳಬೇಕು. ಹಿತ್ತಲಲ್ಲಿ ಕುತ್ತಿಗೆ ಬಾಗಿಸಿ ಕೂಡಬೇಕು, ತೊಳೆಯಬೇಕು, ಕದ್ದು ನೀಲಿ ಹಚ್ಚಿ ಮತ್ತೆ ತೊಳೆಯಬೇಕು. ಗಂಡನಿಗೆ ಗೊತ್ತಿತ್ತು, ಸುಮ್ಮನಿದ್ದ. ಮಗ್ಗದಲ್ಲಿ ಕೂತವನಿಗೆ ಹೆಂಡತಿಯ ತಲೆಗಿಂತ ಹಾಸಿನ ಎಳೆ ದೊಡ್ಡದು. ನನಗಂತೂ ಸಾಕು ಸಾಕಾಗಿ ಹೋಗಿತ್ತು. ಸಿಕ್ಕಿಬಿದ್ದರೆ ತವರಿಗೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ ಒಂದು ಕಡೆ. ಒಮ್ಮೆ ಸಿಕ್ಕಿಬಿದ್ದರೆ ಈ ಹೆಣಗಾಟ ಮುಗಿದೀತು ಎಂಬ ಆಸೆ ಇನ್ನೊಂದು ಕಡೆ.

ದೀಪಾವಳಿಗೆ ಅತ್ತೆ ತಾನೇ ಸೊಸೆಗೆ ಎಣ್ಣೆ ಹಚ್ಚಿ ಎರೆಯುತ್ತೇನೆಂದು ಕೂತರು. ಬೈತಲೆ ತೆಗೆದ ಅವರ ಬೆರಳು ನಿಂತೇಬಿಟ್ಟಿತು. ಅವರು ಬೈಯಲಿಲ್ಲ. ಎರೆದು ಮುಗಿಸಿದರು. ಮರುದಿನ ತಾವೇ ಮದರಂಗಿ ಕಲಸಿ ತಂದು, ಕೂಡು ಎಂದರು. ಮಂದಿಗೆ ತಿಳಿಯಬಾರದು, ಅಷ್ಟೇ ಅವರ ಮಾತು. ಅಂದಿನಿಂದ ಅವರೇ ಹಚ್ಚತೊಡಗಿದರು, ನನಗಿಂತ ಅಚ್ಚುಕಟ್ಟಾಗಿ. ಅಲ್ಲಿಗೆ ನನ್ನ ಆಸೆಯೂ ಮುಗಿಯಿತು.

ಮಗಳು ಹುಟ್ಟಿದಳು. ಮೊದಲ ಕೂದಲು ಕಪ್ಪಗಿತ್ತು. ಜಾವಳ ತೆಗೆಸಿದ ಮೇಲೆ ಬಂದದ್ದು ನನ್ನದೇ ಹಳದಿ. ಆಕೆ ಹುಟ್ಟುವ ಹಿಂದಿನ ವರ್ಷ ನರಗುಂದದಲ್ಲಿ ದಂಗೆಯಾಗಿ, ನಮ್ಮ ಸೀಮೆಯಲ್ಲೆಲ್ಲ ಹಳದಿ ಕೂದಲಿನ ಗೋರಾ ಸಿಪಾಯಿಗಳು ಓಡಾಡುತ್ತಿದ್ದರು. ಆ ದಿನಗಳಲ್ಲೇ ನಾನು ತವರಿನಲ್ಲಿದ್ದು ಬಂದಿದ್ದೆ. ಬಾವಿಕಟ್ಟೆಯ ಮೇಲೆ ಮಾತು ಶುರುವಾಯಿತು. ಕಪ್ಪು ತಲೆಯ ತಾಯಿ, ಕಪ್ಪು ತಲೆಯ ತಂದೆ, ಕೂಸಿಗೆ ಈ ಕೂದಲು ಎಲ್ಲಿಂದ ಬಂತು ಎಂದು.

ಅತ್ತೆ ಆ ದಿನ ಬಟ್ಟಲು ಹಿಡಿದು ಬಂದು ಕೂಸನ್ನು ತೊಡೆಯ ಮೇಲೆ ಎಳೆದುಕೊಂಡರು. ನನ್ನೊಳಗೆ ಇಷ್ಟು ಸಿಟ್ಟು ಎಲ್ಲಿತ್ತೋ ಕಾಣೆ. ಬಟ್ಟಲನ್ನು ಕಸಿದು ಹಿತ್ತಲಿಗೆ ಚೆಲ್ಲಿದೆ.

"ಆಕೀ ತಲಿಗೆ ಹಚ್ಚಬ್ಯಾಡ್ರಿ ಅತ್ತಿ. ಇನ್ನ ನನ್ನ ತಲಿಗೂ ಬ್ಯಾಡ."

"ಮಂದಿ ಏನ ಮಾತಾಡಾಕತ್ತಾರ ಕೇಳಿಯಿಲ್ಲೊ?"

"ಕೇಳೀನ್ರಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ. ನನ್ನ ತಲಿ ಕರೇದ ಇರೂತನಾ ಕೂಸು ಯಾರದು ಅಂತ ಕೇಳ್ತಾರ."

ಅತ್ತೆ ಖಾಲಿ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದರು. ಮುಂದೆ ಕೆಲವು ತಿಂಗಳು ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ನಾನು ಸೆರಗು ಹೊದ್ದು ಮನೆಯೊಳಗೇ ಇದ್ದೆ. ಕೂದಲು ಬೆಳೆಯಿತು. ಮೇಲೆ ಹಳದಿ, ಕೆಳಗೆ ಕಪ್ಪು, ನೋಡಲು ಚಂದವೇನೂ ಇರಲಿಲ್ಲ. ಒಂದು ಮುಂಜಾನೆ ಅತ್ತೆ ಕೊಡ ತಂದು ನನ್ನ ಕೈಗೆ ಕೊಟ್ಟು, ನನ್ನ ತಲೆಯ ಮೇಲಿನ ಸೆರಗನ್ನು ತಾವೇ ಹಿಂದಕ್ಕೆ ಸರಿಸಿದರು. ಆ ಮನೆಯ ಸೊಸೆಯಂದಿರು ಬರಿತಲೆಯಲ್ಲಿ ಹೊಸ್ತಿಲು ದಾಟಿದವರಲ್ಲ.

"ಕೂಸಿನ್ನ ಎತ್ಗೊಂಡ ನೀರಿಗೆ ಹೋಗಿ ಬಾ," ಎಂದರು.

ಬಾವಿಯ ಹತ್ತಿರ ಎಲ್ಲರ ಹಗ್ಗ ನಿಂತಿತು. ಹಿಂದಿನ ಓಣಿಯ ಮುದುಕಿಯೊಬ್ಬಳು ನನ್ನ ತಲೆ ನೋಡಿದಳು, ಕೂಸಿನ ತಲೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಅವ್ವನ ಹಾಂಗ ಐತಿ ಕೂಸು," ಎಂದು ತನ್ನ ಕೊಡ ಎತ್ತಿಕೊಂಡು ನಡೆದಳು.

ನಾನು ಕೂಸನ್ನು ಅಪ್ಪಿಕೊಂಡು ಬಾವಿಕಟ್ಟೆಯ ಮೇಲೆ ಅಳುತ್ತ ಕೂತೆ.