ರಂಗಕ್ಕೆ ಬೆನ್ನು ಮಾಡಿ ಕೂತವರು

ಸಂಗಪ್ಪ ಸರ್ ನಾಟಕಕ್ಕೆ ಹೋದರೆ ರಂಗಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ತೊಡೆಯ ಮೇಲೆ ಟೇಪ್ ರೆಕಾರ್ಡರ್, ಬಾಯಿ ತುಂಬ ಎಲೆ ಅಡಿಕೆ, ಕಣ್ಣು ಎದುರಿಗಿದ್ದ ಜನರ ಮೇಲೆ. "ನಾಟಕಾ ಆ ಕಡೆ ನಡದೈತ್ರಿ ಸರ್" ಎಂದು ಯಾರಾದರೂ ಕಿಚಾಯಿಸಿದರೆ, "ನಿಮ್ಮ ನಾಟಕಾ ಇನ್ನೂ ಚಲೋ ಐತ್ರಿ" ಎನ್ನುತ್ತಿದ್ದರು.

ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಅವರು ಸಮಾಜಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಎಂಬತ್ತರ ದಶಕದ ಮೊದಲ ವರ್ಷಗಳು. ಸಿನಿಮಾ ಪೋಸ್ಟರು, ಕಂಪನಿ ನಾಟಕ ಎಂದರೆ ಓದಿದವರು ಮೂಗು ಮುರಿಯುತ್ತಿದ್ದಾಗ ಇವರು ಅದರ ಮೇಲೇ ಪಿಎಚ್.ಡಿ. ಮಾಡಲು ಹೊರಟಿದ್ದರು. "ಜನಾ ಯಾವುದಕ್ಕ ನಗ್ತಾರ ಅನ್ನೂದು ತಿಳೀಲಿಲ್ಲಂದ್ರ ನಮ್ಮ ಶಾಸ್ತ್ರ ಯಾಕ ಬೇಕೋ ತಮ್ಮಾ?" ಆ ಮಾತಿಗೆ ಮರುಳಾಗಿ ನಾನು ರವಿವಾರಗಳಂದು ಅವರ ಹಿಂದೆ ಬಸ್ಸು ಹತ್ತುತ್ತಿದ್ದೆ. ಕಿಟಕಿಯ ಸೀಟು ಅವರಿಗೇ ಬೇಕು. ಅವರು ಉಗುಳಿದ್ದು ಗಾಳಿಗೆ ನನ್ನ ಅಂಗಿಗೆ ಬೀಳುತ್ತಿತ್ತು. ಆಗ ಅದೂ ನನಗೆ ಅಸಹ್ಯವೆನಿಸುತ್ತಿರಲಿಲ್ಲ.

ಇಳಕಲ್ಲಿನಲ್ಲಿ ಒಂದು ನಾಟಕ ಕಂಪನಿ ಟೆಂಟ್ ಹಾಕಿತ್ತು. ಹಾಡಿ ಕುಣಿಯುವ ಚಂದ್ರಾಬಾಯಿಗೆ ಮುಂದಿನ ಕುರ್ಚಿಯ ದೊಡ್ಡ ಮನುಷ್ಯರು ಆಯೇರಿ ಎಂದು ನೋಟು ಕೊಡುವುದು, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಿ ಹೇಳುವುದು ರೂಢಿ. ಹೆಸರು ಕೇಳಿದ್ದೇ ತಡ, ಅವರಿಗೆ ಆಕೆಯೇ ತಮ್ಮ ಸ್ವತ್ತಾದಂತೆ. ಆಕೆಯ ಮೈಯ ಬಗ್ಗೆ ಅವರು ಕೂಗುತ್ತಿದ್ದುದನ್ನು ಬರೆಯಲು ನನಗೆ ಇಂದಿಗೂ ಹೇಸಿಗೆ. ನಾವು ಹೋದ ರವಿವಾರಗಳಲ್ಲಿ ಅದೆಲ್ಲವೂ ಸರ್ ಟೇಪಿನಲ್ಲಿ ದಾಖಲಾಗುತ್ತಿತ್ತು.

ಅದೇ ಜನ ಹಗಲು ಹೊತ್ತಿನಲ್ಲಿ ಬೇರೆ ರಾಗ ತೆಗೆದರು. ಈ ಹೊಲಸು ನಾಟಕದಿಂದ ನೇಕಾರರ ಹುಡುಗರು ಮಗ್ಗ ಬಿಟ್ಟು ಹಾಳಾಗುತ್ತಿದ್ದಾರೆ, ಟೆಂಟ್ ಕೀಳಿಸಬೇಕು ಎಂದು ಸಭೆ ಕರೆದರು. ವಿಷಯ ಬಲ್ಲವರೆಂದು ಸಂಗಪ್ಪ ಸರ್ ಅವರನ್ನೂ ಕರೆಸಿದರು. ಸಭೆಗೆ ಮೊದಲು ಚಂದ್ರಾಬಾಯಿ ಬಸ್ ಸ್ಟ್ಯಾಂಡಿಗೇ ಬಂದು ನಿಂತಿದ್ದಳು.

"ಸರ್, ಹೊಲಸು ಮಾತು ಯಾರ ಬಾಯಾಗಿಂದ ಬಂದಾವು ಅನ್ನೂದು ನಿಮ್ಮ ಟೇಪಿನ್ಯಾಗ ಐತ್ರಿ. ಅವರ ಹೆಸರೂ ಅದಾವ. ಅದನ್ನೊಮ್ಮಿ ಹಚ್ಚಿ ಕೇಳಸ್ರಿ. ಟೆಂಟ್ ಕಿತ್ತರ ನಾವು ಹೊಟ್ಟಿಗೆ ಏನ್ ತಿನ್ನೂಣ್ರಿ?"

"ಹಚ್ತೇನಿ ತಂಗಿ, ನೀ ಚಿಂತಿ ಮಾಡಬ್ಯಾಡ."

ಸಭೆಯಲ್ಲಿ ಸರ್‌ಗೆ ಹಾರ ಹಾಕಿದರು, ಶಾಲು ಹೊದಿಸಿದರು. ಅವರು ಪ್ರೇಕ್ಷಕರ ಮನೋಧರ್ಮ, ಕಲೆಯ ಹೊಣೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ ಕೂತುಬಿಟ್ಟರು. ಟೇಪ್ ರೆಕಾರ್ಡರ್ ಆ ಶಾಲಿನೊಳಗೇ ಇತ್ತು. ತಲೆ ತುಂಬ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದ ಚಂದ್ರಾಬಾಯಿ ಅವರ ಕೈಯನ್ನೇ ನೋಡುತ್ತಿದ್ದಳು. ನಾನು ಮೆಲ್ಲಗೆ ತಿವಿದೆ.

"ಸುಮ್ಮನಿರೋ," ಎಂದು ಪಿಸುಗುಟ್ಟಿದರು. "ಇವರನ್ನ ಎದುರು ಹಾಕ್ಕೊಂಡ್ರ ನಾಳಿಂದ ನನ್ನ ಯಾವ ಟೆಂಟಿನ್ಯಾಗೂ ಕೂಡಾಕ ಬಿಡೂದಿಲ್ಲ. ನನ್ನ ಪಿಎಚ್.ಡಿ. ಅಭ್ಯಾಸ ಅರ್ಧಕ್ಕ ನಿಲ್ತೈತಿ."

ಮರುದಿನ ಟೆಂಟ್ ಇಳಿಯಿತು. ಸುರುಳಿ ಸುತ್ತಿದ ಪರದೆಗಳ ನಡುವೆ ಲಾರಿಯಲ್ಲಿ ಕೂತಿದ್ದ ಚಂದ್ರಾಬಾಯಿಗೆ ಸರ್ ಕೈ ಮುಗಿದರು. ಆಕೆ ಮುಖ ತಿರುಗಿಸಿದಳು. ನಾನೂ ಅವರ ಪಕ್ಕದಲ್ಲೇ ನಿಂತಿದ್ದೆನಲ್ಲ ಎಂದು ನನಗೆ ಮೈಯೆಲ್ಲ ಮುಳ್ಳಾಯಿತು.

ಮುಂದೆ ಅವರಿಗೆ ಡಾಕ್ಟರೇಟ್ ಬಂತು. ಮನೆಯಲ್ಲಿ ಹೋಳಿಗೆ ಊಟ. ಪರವೂರಿನಿಂದ ವಿದ್ವಾಂಸರು ಬಂದಿದ್ದರು. ಊಟದ ನಡುವೆಯೇ ಸರ್ ಹೆಮ್ಮೆಯಿಂದ ಆ ಟೇಪ್ ಹಚ್ಚಿದರು. ಆಯೇರಿ ಕೊಟ್ಟವನ ಹೆಸರು, ಆಮೇಲೆ ಅವನು ಕೂಗಿದ ಮಾತು, ಚಂದ್ರಾಬಾಯಿಯ ಹಾಡು ತಡವರಿಸಿ ನಿಂತದ್ದು. ಪಂಕ್ತಿಯೆಲ್ಲ ಹೋ ಎಂದು ನಕ್ಕಿತು. ಸರ್ ಕಣ್ಣೊರೆಸಿಕೊಂಡು ನಕ್ಕರು. ನಾನು ಎಲೆಯಿಂದ ಕೈ ತೆಗೆದೆ.

"ಆಕಿ ಕೇಳಿದಾಗ ಇದನ್ನ ಯಾಕ ಹಚ್ಚಲಿಲ್ರಿ ಸರ್?"

ಅವರಿಗೆ ಎಳ್ಳಷ್ಟೂ ಮುಜುಗರವಾಗಲಿಲ್ಲ. "ಆವಾಗಿನ್ನೂ ಅಭ್ಯಾಸ ಮುಗದಿದ್ದಿಲ್ಲೋ ತಮ್ಮಾ," ಎಂದು ನನ್ನ ಎಲೆಗೆ ಇನ್ನಷ್ಟು ತುಪ್ಪ ಬಡಿಸಲು ಹೇಳಿದರು.

ನಾನು ಎಲೆ ಬಿಟ್ಟು ಎದ್ದು ಬಂದೆ. ಎರಡು ವರ್ಷಕ್ಕೆ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅವರ ಗುಣಗಾನಕ್ಕೆ ನನ್ನನ್ನೇ ಮೊದಲು ಕರೆದರಂತೆ. ನಾನು ಆ ಹೊತ್ತು ಮನೆಯಲ್ಲೇ ಇದ್ದೆ.